ಟೈಲರಣ್ಣನ ಖಾಲಿ ಚೀಟಿ

ಭಾನುವಾರ ನಮ್ಮ ಚರ್ಚಿನ ಬಾಗಿಲಲ್ಲಿ ನಿಂತು ಪ್ರಾರ್ಥನೆಯ ಚೀಟಿ ಸಂಗ್ರಹಿಸುವವನು ನಾನು, ಕೊನೆಗೆ ಚೀಟಿ ಕೊಡುವವನು ಯಾವಾಗಲೂ ಟೈಲರಣ್ಣ. ರಸ್ತೆಯಾಚೆ ಹೋಗುವವರ ಎದೆಯಳತೆಯನ್ನು ಕಣ್ಣಲ್ಲೇ ಹೇಳಬಲ್ಲ ಈ ಮಹಾರಾಯ, ಅಂಗೈಯಗಲದ ಚೀಟಿಯ ಮುಂದೆ ಮಾತ್ರ ತಬ್ಬಿಬ್ಬಾಗುತ್ತಾನೆ. ಯಾರಿಗಾಗಿ ಪ್ರಾರ್ಥಿಸಬೇಕೋ ಅವರ ಹೆಸರು ಬರೆಯಲು ಅದರಲ್ಲಿ ಅಚ್ಚಾಗಿರುವುದು ಮೂರೇ ಸಾಲು: ಕಾಯಿಲೆಯಲ್ಲಿರುವವರು, ಪ್ರಯಾಣದಲ್ಲಿರುವವರು, ದಾರಿ ತಪ್ಪಿದವರು. ಮಗಳ ಹೆಸರನ್ನು ಎಲ್ಲಿ ಬರೆಯುವುದು? "ಕಾಯಿಲೆ ಅಂತ ಬರೀಲೇನೇ?" ಎಂದು ಹೆಂಡತಿಯನ್ನು ಕೇಳುತ್ತಾನೆ. "ಬಿಡ್ತು ಅನ್ನಿ, ಗುಂಡುಕಲ್ಲಿನ ಹಾಗಿದ್ದಾಳೆ." "ಪ್ರಯಾಣ?" "ಎರಡು ಬಸ್ ಸ್ಟಾಪ್ ಆಚೆ ಇರೋಳಿಗೆ ಎಂಥ ಪ್ರಯಾಣ!" ಆ ಮಗಳು ಮಾತು ಬಿಟ್ಟು ನಾಲ್ಕು ವರ್ಷವಾಯಿತು. ಜಗಳವಿಲ್ಲ, ಕೂಗಾಟವಿಲ್ಲ, 'ನನ್ನನ್ನು ನೋಡೋಕೆ ಬರಬೇಡಿ' ಎಂದು ಫೋನಿಗೆ ಒಂದು ಸಾಲು ಬಂತು, ಅಷ್ಟೇ. "ನನ್ನ ಕತ್ತರಿ ಎಲ್ಲಿ ತಪ್ಪಿತು, ನೀವಾದ್ರೂ ಹೇಳಿ" ಎಂದು ಪ್ಯಾಂಟಿನ ಅಳತೆ ಕೊಡಲು ಬಂದ ಅಪರಿಚಿತರನ್ನೂ ಕೇಳುತ್ತಾನೆ, ಅವರು ಹೊಟ್ಟೆ ಎಳೆದುಕೊಂಡು ನಿಲ್ಲುತ್ತಾರೆ. ಮೂರನೆಯ ಸಾಲನ್ನಂತೂ ಅವನು ಮುಟ್ಟುವುದೇ ಇಲ್ಲ. "ದಾರಿ ತಪ್ಪಿದ್ದಾಳೆ ಅನ್ನೋಕೆ ನಾನ್ಯಾರು?" ಹಾಗಾಗಿ ಖಾಲಿ ಚೀಟಿಯನ್ನೇ ಹೊಸ ಅಂಗಿಯ ಹಾಗೆ ನೀಟಾಗಿ ಮಡಚಿ ಕೊಡುತ್ತಾನೆ. "ಏನೂ ಬರೆದಿಲ್ವಲ್ಲ ಅಣ್ಣಾ" ಎಂದರೆ, "ದೇವರಿಗೆ ಓದೋಕೆ ಬರುತ್ತೆ, ನೀನು ಡಬ್ಬಿಗೆ ಹಾಕಯ್ಯ" ಎಂದು ನನಗೇ ರೇಗುತ್ತಾನೆ. ಕಳೆದ ಭಾನುವಾರವೂ ಖಾಲಿಯೇ ಇರಬೇಕೆಂದು ಬಿಡಿಸಿ ನೋಡಿದೆ. ದಾರಿ ತಪ್ಪಿದವರ ಸಾಲಿನಲ್ಲಿ ಅವನ ಹೆಸರಿತ್ತು, ಅದರ ಕೆಳಗೆ, ಬೇರೆ ಕೈಬರಹದಲ್ಲಿ, ಅವನ ಹೆಂಡತಿಯದು.