ಆಡಿಸ್ ಅಬಾಬಾದಲ್ಲಿ ಅವ್ವ ಉಣ್ಣಲಿಲ್ಲ

ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ ಬಸ್ಸು, ಅಲ್ಲಿಂದ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಬಾಡಿಗೆ ಕಾರು, ಅಲ್ಲಿಂದ ಆಫ್ರಿಕಾಕ್ಕೆ ವಿಮಾನ. ಈ ಮೂರರಲ್ಲಿ ಅವ್ವನಿಗೆ ಕಷ್ಟವೆನಿಸಿದ್ದು ಮೊದಲನೆಯದು ಮಾತ್ರ. ಬಸ್ಸಿನ ತುಂಬ ಸಂತೆಗೆ ಹೊರಟ ಜನ. ಯಾರೋ ಒಬ್ಬ ಟೊಮೆಟೊ ಪುಟ್ಟಿಯನ್ನು ತಂದು ಅವ್ವನ ಬ್ಯಾಗಿನ ಮೇಲೆ ಕುಕ್ಕಿದ. “ಲೇ, ಅದ್ರಾಗೆ ರೊಟ್ಟಿ ಅವೆ, ಮುರ್ದು ಹಾಕ್ತೀಯಲ್ಲೋ!” ಎಂದು ಶುರುವಾದ ಜಗಳ ಚಿತ್ರದುರ್ಗದ ಕೋಟೆ ಕಾಣುವವರೆಗೂ ನಡೆಯಿತು.

ನನ್ನದು ಹೊಳಲ್ಕೆರೆಯಲ್ಲಿ ಬಟ್ಟೆ ಅಂಗಡಿ. ಗಿರಾಕಿಗಳನ್ನು ಬಿಟ್ಟು ಶಿವಮೊಗ್ಗಕ್ಕೆ ಹೋಗುವುದಕ್ಕೂ ಮೀನಮೇಷ ಎಣಿಸುವ ಮನುಷ್ಯ ನಾನು. ಆದರೆ ಈ ಪ್ರಯಾಣ ತಪ್ಪಿಸಿಕೊಳ್ಳುವಂಥದ್ದಾಗಿರಲಿಲ್ಲ. ತೀರಿಹೋದ ನನ್ನ ಅಣ್ಣನ ಮಗಳು ನಂದಿನಿ ದಾವಣಗೆರೆಯಲ್ಲಿ ಓದುವಾಗ, ಇಥಿಯೋಪಿಯಾದಿಂದ ಅಲ್ಲಿಗೆ ಓದಲು ಬಂದಿದ್ದ ಯೋನಾಸ್ ಎಂಬ ಹುಡುಗನ ಪರಿಚಯವಾಗಿತ್ತು. ಮದುವೆಯಾದರೆ ಅವನನ್ನೇ ಎಂದು ಅವಳು ಹಟ ಹಿಡಿದು ಎರಡು ವರ್ಷವಾಗಿತ್ತು. ನೆಂಟರಿಷ್ಟರು ಒಂದೊಂದು ಬಾಯಲ್ಲಿ ಒಂದೊಂದು ಮಾತಾಡಿದರು. ಮಠಕ್ಕೆ ಹೋಗಿ ಕೇಳಿದಾಗ ಸ್ವಾಮಿಗಳು ನಕ್ಕು, “ನಿಮ್ಮವ್ವ ಒಪ್ಪಿದರೆ ನಾವು ಒಪ್ಪಿದ ಹಾಗೇ” ಎಂದುಬಿಟ್ಟರು. ಅಪ್ಪ ಇಲ್ಲದ ಆ ಮಗುವನ್ನು ಸಾಕಿದವಳು ಅವ್ವ. ಅವಳ ಮಾತೇ ಕೊನೆಯ ಮಾತು.

ಅವ್ವ ಬಣ್ಣದ ಬಗ್ಗೆ, ದೇವರ ಬಗ್ಗೆ ಒಂದು ಮಾತೂ ಎತ್ತಲಿಲ್ಲ. “ಹುಡುಗನ್ನ ನೋಡಿವ್ನಿ, ಮನೆ ನೋಡಿಲ್ಲ. ಅಷ್ಟು ದೂರದಾಗೆ ನಮ್ಮ ಹುಡುಗಿಗೆ ಉಂಡ್ಯೇನವ್ವ ಅಂತ ಕೇಳೋರು ಅವ್ರೋ ಇಲ್ಲೋ, ಅದೊಂದು ನೋಡ್ಕಂಡು ಬರಾಣ ನಡಿ” ಎಂದಳು. ಜೊತೆಗೆ ಒಂದು ಕಟ್ಟಳೆ ಹಾಕಿದಳು. ಹೆಣ್ಣು ಕೊಡುವ ಮಾತು ಗಟ್ಟಿಯಾಗುವವರೆಗೂ ಗಂಡಿನ ಮನೆಯ ಅನ್ನ ಮುಟ್ಟುವಂತಿಲ್ಲ, ನೀರು ಬೇಕಾದರೆ ಕುಡಿಯಬಹುದು. ಯಾಕೆಂದು ಅವರಿಗೆ ಹೇಳುವಂತೆಯೂ ಇಲ್ಲ, ಹೇಳಿದರೆ ಅವರ ಮೇಲೆ ಭಾರ ಹಾಕಿದಂತೆ. ಊಟದ ಖರ್ಚು ಕೊಟ್ಟು ಯಾವುದಾದರೂ ಹೋಟ್ಲಲ್ಲಿ ಇಳಿದುಕೊಂಡರಾಯಿತು ಎಂಬುದು ಅವಳ ಲೆಕ್ಕ. ಬಸ್ಸು ಹತ್ತಿಸಲು ಬಂದ ನಂದಿನಿ ನನ್ನ ಕಿವಿಯಲ್ಲಿ, “ಚಿಕ್ಕಪ್ಪ, ಬೇರೆ ಏನೂ ಕೇಳಲ್ಲ. ಅಜ್ಜಿ ಅಲ್ಲಿ ಉಂಡ್ಲಾ ಇಲ್ವಾ, ಅಷ್ಟು ಹೇಳು ಸಾಕು” ಎಂದಳು.

ವಿಮಾನದಲ್ಲಿ ಸುಮಾರು ಆರು ತಾಸು. ಅದು ದುಡ್ಡು ಕೊಟ್ಟ ಊಟವಾದ್ದರಿಂದ ಅವ್ವ ಅನ್ನ, ಹಣ್ಣು ಎಲ್ಲ ತಿಂದು ನನ್ನ ಪಾಲಿನ ಮೊಸರನ್ನೂ ಮುಗಿಸಿದಳು. ಆಡಿಸ್ ಅಬಾಬಾದಲ್ಲಿ ಇಳಿದಾಗ ಬೆಳಗಿನ ಹೊತ್ತು. ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರದಲ್ಲಿರುವ ಊರಂತೆ. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ನನಗೆ ಏದುಸಿರು ಬಂತು. ಹೊರಗೆ ಕಾದಿದ್ದ ಯೋನಾಸ್ ಅವ್ವನ ಕಾಲಿಗೆ ಬಿದ್ದು, “ಶರಣ್ರೀ ಅವ್ವಾರೇ, ಬರ್ರಿ ಬರ್ರಿ. ದಾರಿಯಾಗೆ ತ್ರಾಸ ಆಗ್ಲಿಲ್ಲ ಹೌದಲ್ರೀ?” ಎಂದ. ಆ ದೊಡ್ಡ ವಿಮಾನ ನಿಲ್ದಾಣದ ಬಾಗಿಲಲ್ಲಿ ದಾವಣಗೆರೆಯ ಮಾತು ಕೇಳಿ ನನಗೆ ಮೈ ಜುಮ್ಮೆಂದಿತು.

ಅವನ ಕಾರು ಊರೊಳಗಿನ ಗಾಜಿನ ಕಟ್ಟಡಗಳನ್ನೂ ನೀಲಿ ಬಿಳಿ ವ್ಯಾನುಗಳನ್ನೂ ದಾಟಿ ಉತ್ತರದ ಬೆಟ್ಟದ ಕಡೆ ಏರತೊಡಗಿತು. ಅರ್ಧ ತಾಸಿನಲ್ಲಿ ಗದ್ದಲವೆಲ್ಲ ಕೆಳಗೆ ಉಳಿಯಿತು. ಎರಡೂ ಬದಿಗೆ ನೀಲಗಿರಿ ಮರಗಳು. ಚಿತ್ರದುರ್ಗದ ಸುತ್ತ ನೀಲಗಿರಿ ನೋಡದವರು ಯಾರಿದ್ದಾರೆ? ಆದರೆ ಇಷ್ಟು ಎತ್ತರದ್ದನ್ನು, ಇಷ್ಟು ದಟ್ಟವಾದದ್ದನ್ನು ನಾನು ಕಂಡಿರಲಿಲ್ಲ. ಬೆನ್ನಿನ ಮೇಲೆ ತಮಗಿಂತ ದೊಡ್ಡ ಸೌದೆ ಹೊರೆ ಹೊತ್ತ ಹೆಂಗಸರು ಬಾಗಿ ಬಾಗಿ ಇಳಿದು ಬರುತ್ತಿದ್ದರು. ಅವ್ವ ಕಿಟಕಿಗೆ ಹಣೆ ಹಚ್ಚಿ ಅವರನ್ನೇ ನೋಡಿದಳು. “ನಮ್ಮಂಗೆ ತಲೆ ಮ್ಯಾಲೆ ಹೊರಲ್ಲ, ಬೆನ್ನಿಗೆ ಹಾಕ್ಕಂತಾರೆ. ಹೊರೆ ಮಾತ್ರ ಅದೇ” ಎಂದಳು.

ಇಲ್ಲಿ ನನ್ನ ದಡ್ಡತನವೊಂದು ಬಯಲಾಯಿತು. “ನಮ್ಮಮ್ಮಂದು ಸಣ್ಣದೊಂದು ಹೋಟ್ಲು ಐತ್ರಿ” ಎಂದು ಯೋನಾಸ್ ಹಿಂದೆ ಹೇಳಿದ್ದ. ನಮ್ಮ ಕಡೆ ಹೋಟ್ಲು ಎಂದರೆ ಇಡ್ಲಿ, ದೋಸೆ, ಗಲ್ಲಾಪೆಟ್ಟಿಗೆ. ಹಾಗೆಂದೇ ನಾನು ತಿಳಿದಿದ್ದೆ. “ಊರ ಹೊರಗೆ ಗದ್ದಲ ಇಲ್ಲದ ಕಡೆ ನಿಮಗೆ ರೂಮು ಮಾಡೀನಿ” ಎಂದದ್ದು ಬೇರೆ ಯಾವುದೋ ಲಾಡ್ಜು ಎಂದುಕೊಂಡಿದ್ದೆ. ಕಾರು ನಿಂತದ್ದು ಬಳ್ಳಿ ಹಬ್ಬಿದ ಒಂದು ಕಲ್ಲಿನ ಮನೆಯ ಮುಂದೆ. ಎಂಟೇ ಕೋಣೆ, ಸುತ್ತ ತೋಟ, ನಡುವೆ ಮುಪ್ಪಾದ ಅತ್ತಿ ಮರ. ಬಾಗಿಲಲ್ಲಿ ಬಿಳಿ ಹತ್ತಿಯ ಶಾಲು ಹೊದ್ದ, ಅವ್ವನಿಗಿಂತ ಹತ್ತು ವರ್ಷ ಚಿಕ್ಕವಳಿರಬಹುದಾದ ಹೆಂಗಸು ನಿಂತಿದ್ದಳು. “ಇವ್ರೇ ನಮ್ಮಮ್ಮ, ಅಲ್ಮಾಜ್. ಇದೇ ನಮ್ಮ ಹೋಟ್ಲು, ಹಿಂದುಗಡೆ ನಮ್ಮ ಮನೆ” ಎಂದ ಯೋನಾಸ್. ಅವ್ವ ನನ್ನ ಕಡೆ ತಿರುಗಿ ನೋಡಿದ ನೋಟವನ್ನು ಬರೆಯುವುದು ಬೇಡ. ದುಡ್ಡಿನ ಮಾತು ತೆಗೆದಾಗ ಅಲ್ಮಾಜ್ ಎರಡೂ ಕಿವಿ ಮುಚ್ಚಿಕೊಂಡಳು. ಹೋಟ್ಲೂ ಅದೇ, ಗಂಡಿನ ಮನೆಯೂ ಅದೇ. ಇನ್ನು ಮೂರು ದಿನ ನಮ್ಮ ಗತಿ ಬ್ಯಾಗಿನಲ್ಲಿದ್ದ ರೊಟ್ಟಿ, ಶೇಂಗಾ ಚಟ್ನಿಪುಡಿ.

ಆ ಮನೆಯ ಸದ್ದಿಲ್ಲದ ಸೊಬಗಿಗೆ ನಾನು ಬೆರಗಾದೆ. ಮೊಳದಷ್ಟು ದಪ್ಪದ ಗೋಡೆಗಳು. ಟೀವಿ ಇಲ್ಲ, ಕರೆಗಂಟೆ ಇಲ್ಲ. ಕೆಲಸದವರು ನಡೆದದ್ದೂ ಗೊತ್ತಾಗುವುದಿಲ್ಲ. ನಮ್ಮಲ್ಲಿ ಹೋಟ್ಲು ಸುಮ್ಮನಿದ್ದರೆ ವ್ಯಾಪಾರ ಬಿದ್ದಿದೆ ಎಂದರ್ಥ. ಇಲ್ಲಿ ಎಂಟೂ ಕೋಣೆ ತುಂಬಿದ್ದವು, ಬಂದವರೆಲ್ಲ ದೇವಸ್ಥಾನದಲ್ಲಿದ್ದಂತೆ ಮೆಲ್ಲಗೆ ಮಾತಾಡುತ್ತಿದ್ದರು. ಕಿಟಕಿ ತೆರೆದರೆ ನೀಲಗಿರಿ ಎಲೆಗಳ ಸದ್ದು. ಹಾಸಿಗೆಯ ಮೇಲಿದ್ದ ಹೊದಿಕೆಯನ್ನು ಬೆರಳಲ್ಲಿ ಉಜ್ಜಿ ನೋಡಿದೆ. ಕೈಮಗ್ಗದ್ದು, ನಾಲ್ಕು ಪದರದ್ದು, ಅಂಚಿನಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲ. ಇಷ್ಟು ವರ್ಷ ಬಟ್ಟೆ ಮಾರಿದ ನಾನು ಅದನ್ನು ಮಡಿಸಿಡಲೂ ಹಿಂಜರಿದೆ.

ಸಂಜೆ ನಡುಮನೆಯಲ್ಲಿ ಹಸಿ ಹುಲ್ಲು ಹರಡಿ, ಸಾಂಬ್ರಾಣಿ ಹಾಕಿ, ಅಲ್ಮಾಜ್ ಕಾಫಿ ಬೀಜ ಹುರಿಯಲು ಕುಳಿತಳು. ಹೊಗೆಯಾಡುವ ಬಾಣಲೆಯನ್ನು ಒಬ್ಬೊಬ್ಬರ ಮುಂದೆಯೂ ತಂದು, ಕೈಯಿಂದ ಘಮವನ್ನು ನಮ್ಮ ಕಡೆ ಬೀಸಿದಳು. ಆಮೇಲೆ ಕಪ್ಪು ಮಣ್ಣಿನ ಹೂಜಿಯಿಂದ ಸಣ್ಣ ಬಟ್ಟಲುಗಳಿಗೆ ಸುರಿದಳು. ಮೂರು ಸುತ್ತು ಕುಡಿಯಬೇಕು, ಮೂರನೆಯದು ಆಶೀರ್ವಾದದ್ದು ಎಂದು ಯೋನಾಸ್ ವಿವರಿಸಿದ. ಅವ್ವ ಕೈ ಮುಗಿದು, “ಹೊಟ್ಟೆ ತುಂಬೈತ್ರಿ” ಎಂದಳು. ನಾನೂ ಕೈ ಮುಗಿದೆ. ಮೂಗಿನಿಂದ ಕುಡಿದರೆ ಕಟ್ಟಳೆ ಮುರಿಯುವುದಿಲ್ಲವಲ್ಲ ಎಂದು ಮೂರು ಸುತ್ತೂ ಅಲ್ಲೇ ಕುಳಿತಿದ್ದೆ. ನಾವು ತಂದಿದ್ದ ಮಂಡಕ್ಕಿಯನ್ನು ಕೊಟ್ಟಾಗ ಯೋನಾಸ್ ಪೊಟ್ಟಣಕ್ಕೆ ಮುಖವಿಟ್ಟು, “ಅಯ್ಯೋ, ಮೆಣಸಿನಕಾಯಿ ಬಜ್ಜಿ ಒಂದಿದ್ರೆ ದಾವಣಗೆರೆನೇ ಬಂದಂಗಾಗಿತ್ತು” ಎಂದ. ಅಷ್ಟರಲ್ಲಿ ನಂದಿನಿಯ ಫೋನು. ಅವ್ವನಿಗೆ ಕಿವಿ ಮಂದ, ಹಾಗಾಗಿ ಸ್ಪೀಕರಿಗೆ ಹಾಕಿದೆ. “ಅಜ್ಜಿ, ಊಟ ಆಯ್ತಾ?” ಎಂಬ ದನಿ ಆ ನಿಶ್ಶಬ್ದದ ಮನೆಯ ಮೂಲೆ ಮೂಲೆಗೂ ಕೇಳಿಸಿತು. ಅವ್ವ, “ಮಳೆ ಬಂತೇನೇ ಅಲ್ಲಿ?” ಎಂದು ಮಾತು ತಿರುಗಿಸಿದಳು.

ಎರಡನೆಯ ದಿನ ಬೆಳಿಗ್ಗೆ ಎರಡು ಗಂಟೆಗೆ ಬೆಟ್ಟಕ್ಕೆ ಹೋಗೋಣ ಎಂದಿದ್ದ ಯೋನಾಸ್. ನಾನು ಹೌಹಾರಿದೆ. ಆಮೇಲೆ ತಿಳಿಯಿತು, ಅವರ ಗಂಟೆ ಶುರುವಾಗುವುದು ಹೊತ್ತು ಮೂಡಿದ ಮೇಲೆ, ಅವರ ಎರಡು ನಮ್ಮ ಎಂಟು. ಅವ್ವನಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. “ಹೊತ್ತು ಹುಟ್ಟಿದ ಮ್ಯಾಗೆ ತಾನೇ ಹೊತ್ತಿನ ಲೆಕ್ಕ” ಎಂದಳು. ಅದಕ್ಕೂ ಮೊದಲು ಅವಳು ಅತ್ತಿ ಮರದ ಕೆಳಗೆ ವಿಭೂತಿ ಧರಿಸಿ, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕುಳಿತಿದ್ದಳು. ಅಲ್ಮಾಜ್ ದೂರದಲ್ಲಿ ನಿಂತು, ತೋಟದಲ್ಲಿ ನೀರು ಹಾಕುತ್ತಿದ್ದವನಿಗೆ ಸದ್ದು ಮಾಡಬೇಡವೆಂದು ಸನ್ನೆ ಮಾಡಿದಳು. ಪೂಜೆ ಮುಗಿದಾಗ ಹತ್ತಿರ ಬಂದು ಅವ್ವನ ಕೊರಳಿನ ಶಿವದಾರವನ್ನು ನೋಡಿ, ಶಾಲಿನೊಳಗಿಂದ ತನ್ನ ಕೊರಳಿನ ಕರಿ ದಾರ ತೆಗೆದು ತೋರಿಸಿದಳು. ಅದರ ತುದಿಯಲ್ಲಿ ಮರದ ಸಣ್ಣ ಶಿಲುಬೆಯಿತ್ತು. ಇಬ್ಬರೂ ಒಬ್ಬರ ದಾರವನ್ನು ಇನ್ನೊಬ್ಬರು ನೋಡುತ್ತಾ ನಿಂತರು.

ಬೆಟ್ಟದ ಮೇಲೆ ಗಾಳಿ ತಣ್ಣಗೆ ಕೊರೆಯುತ್ತಿತ್ತು. ಕೆಳಗೆ ಇಡೀ ರಾಜಧಾನಿ ಬಿಸಿಲಲ್ಲಿ ಹರಡಿಕೊಂಡಿತ್ತು. ಅದರಾಚೆ ಬೆಟ್ಟ, ಅದರಾಚೆ ಇನ್ನೊಂದು ಬೆಟ್ಟ, ಕಣ್ಣು ಸೋಲುವವರೆಗೂ ನೀಲಿ. ನಮ್ಮ ಕೋಟೆಯ ಮೇಲೆ ನಿಂತಾಗ ಸಿಗದ ಒಂದು ಹೆದರಿಕೆ ನನಗೆ ಅಲ್ಲಿ ಆಯಿತು. ಭೂಮಿ ಇಷ್ಟು ದೊಡ್ಡದು, ನಮ್ಮ ಹುಡುಗಿ ಒಬ್ಬಳು. ಅವ್ವನೂ ಅದನ್ನೇ ಯೋಚಿಸುತ್ತಿದ್ದಳೇನೋ, ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು. ಆ ಸಂಜೆಯೂ ಫೋನು ಬಂತು, “ಊಟ ಆಯ್ತಾ?” ಬಂತು. ಅವ್ವ ಈ ಸಲ ಅಡಿಕೆ ರೇಟು ಕೇಳಿದಳು. ಆಮೇಲೆ ನಾವಿಬ್ಬರೂ ಕೋಣೆಯ ಬಾಗಿಲು ಹಾಕಿಕೊಂಡು ರೊಟ್ಟಿ ಮುರಿದೆವು. ಖಡಕ್ ರೊಟ್ಟಿಯ ಸದ್ದು ಆ ಮನೆಗೆ ಹೆಚ್ಚಾಗಬಾರದೆಂದು ಅವ್ವ ಸೆರಗಿನೊಳಗೆ ಮುರಿಯುತ್ತಿದ್ದಳು.

ಮೂರನೆಯ ದಿನ ರಾತ್ರಿಯ ವಿಮಾನಕ್ಕೆ ನಾವು ಹೊರಡಬೇಕಿತ್ತು. ಮಧ್ಯಾಹ್ನ ಯೋನಾಸ್ ಬಂದು ಬಾಗಿಲಲ್ಲಿ ತಡವರಿಸುತ್ತಾ ನಿಂತ. “ಸರ್, ಒಂದು ಮಾತು. ಅವ್ವಾರ ಉಪವಾಸ ಇವತ್ತು ಮುಗೀತೈತೇನ್ರಿ?”

“ಯಾವ ಉಪವಾಸ?” ಎಂದೆ.

“ಬಂದಾಗಿಂದ ಇಬ್ರೂ ಏನೂ ತಿಂದಿಲ್ಲಲ್ರಿ. ದೊಡ್ಡ ವ್ರತ ಇರ್ಬೇಕು ಅಂತ ನಮ್ಮಮ್ಮ ಅಂದ್ರು. ನಮ್ಮಾಗೂ ಉಪವಾಸ ಭಾಳ. ಮನೆಗೆ ಬಂದ ಹಿರೇರು ಹಸ್ಕೊಂಡಿರುವಾಗ ನಾ ಹೆಂಗೆ ಉಣ್ಲಿ ಅಂತ ಅವ್ರೂ ಬಿಟ್ಟಾರೆ. ಮೊನ್ನೆಯಿಂದ ಬರೀ ನೀರು. ಅದಕ್ಕೆ ಕೇಳ್ದೆ, ತಪ್ಪು ತಿಳೀಬ್ಯಾಡ್ರಿ.”

ಮಂಚದ ಮೇಲೆ ಕುಳಿತಿದ್ದ ಅವ್ವನ ಕೈಯಿಂದ ಚಟ್ನಿಪುಡಿಯ ಡಬ್ಬಿ ಜಾರಿತು. “ಏನಂದೆ? ನಿಮ್ಮವ್ವ ಉಂಡಿಲ್ಲೇನೋ? ನನ್ನ ಸಲುವಾಗಿ?” ಅವಳ ಮುಖ ಕಪ್ಪಿಟ್ಟಿತು. “ಅಯ್ಯೋ ಶಿವನೇ, ನಾನಿಲ್ಲಿ ಬಾಗ್ಲು ಹಾಕ್ಕಂಡು ರೊಟ್ಟಿ ತಿಂದ್ನಲ್ಲೋ!”

ಅವ್ವ ಚಪ್ಪಲಿಯನ್ನೂ ಮೆಟ್ಟದೆ ನೇರ ಅಡುಗೆಮನೆಗೆ ನಡೆದಳು. ನಾವು ಹಿಂದೆ ಓಡಿದೆವು. ಅಲ್ಮಾಜ್ ಒಲೆಯ ಮುಂದೆ ಬೇರೆಯವರಿಗೆ ಬಡಿಸಲು ಬೇಳೆ ತಿರುವುತ್ತಿದ್ದಳು. ಅವಳ ತುಟಿಗಳು ಒಣಗಿದ್ದವು. ಅವ್ವ ಅವಳ ಎರಡೂ ಕೈ ಹಿಡಿದು, “ಹೇಳಪ್ಪ ನಿಮ್ಮವ್ವಗೆ. ನಾನು ಉಪಾಸ ಇದ್ದಿಲ್ಲ, ಕದ್ದು ರೊಟ್ಟಿ ತಿಂತಿದ್ದೆ. ಹುಡುಗಿ ಕೊಡೋ ಮಾತು ಆಗೋತಂಕ ಗಂಡಿನ ಮನೆಯಾಗೆ ಉಣ್ಣಬಾರದು ಅಂತ ನಮ್ಮಾಗೆ ಐತೆ. ಅದಕ್ಕೆ” ಎಂದಳು. ಯೋನಾಸ್ ತಲೆ ತಗ್ಗಿಸಿ ಅದನ್ನು ತನ್ನ ಭಾಷೆಯಲ್ಲಿ ಹೇಳಿದ. ಅಲ್ಮಾಜ್ ಮೊದಲು ಕಣ್ಣರಳಿಸಿದಳು. ಆಮೇಲೆ ರೊಟ್ಟಿಯ ಸಂಗತಿ ತಲೆಗೆ ಹೋಗಿ, ಸೌಟು ಹಿಡಿದುಕೊಂಡೇ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ಮನೆಯಲ್ಲಿ ನಾನು ಕೇಳಿದ ಮೊದಲ ಗಟ್ಟಿ ಸದ್ದು ಅದು. ನಗು ನಿಂತ ಮೇಲೆ ಮೆಲ್ಲಗೆ ಏನೋ ಕೇಳಿದಳು.

“ಹಂಗಾದ್ರೆ ಈಗ? ಅಂತ ಕೇಳ್ತಾರೆ” ಎಂದ ಯೋನಾಸ್.

ಅಲ್ಲಿ ಊಟಕ್ಕೆ ಮೊದಲು ಮನೆಯವರೇ ಹೂಜಿ ಹಿಡಿದು ಅತಿಥಿಗಳ ಕೈಗೆ ನೀರು ಹಾಕುತ್ತಾರೆ. ಮೂರು ದಿನದಿಂದ ಅವ್ವ ಅದನ್ನು ದೂರದಿಂದ ನೋಡುತ್ತಿದ್ದಳು. ಈಗ ಬಳೆ ಹಿಂದಕ್ಕೆ ಸರಿಸಿ ಎರಡೂ ಕೈಗಳನ್ನು ಮುಂದೆ ಚಾಚಿದಳು. “ನೀರು ಹಾಕು ಅಂತ ಹೇಳಪ್ಪ.”

ದೊಡ್ಡ ಹರಿವಾಣದ ತುಂಬ ನಮ್ಮ ದೋಸೆಯಂಥ, ಹುಳಿ ಬಂದ ಮೆತ್ತನೆಯ ಇಂಜೆರ. ಅದರ ಮೇಲೆ ಕೆಂಪು ಬೇಳೆ, ಕಡಲೆಹಿಟ್ಟಿನ ಗೊಜ್ಜು, ಸೊಪ್ಪು. ನಮ್ಮ ವ್ರತ ಕೆಡಬಾರದೆಂದು ಅಲ್ಮಾಜ್ ಮೂರು ದಿನದಿಂದ ಅಡುಗೆಮನೆಯೊಳಗೆ ಮಾಂಸ ಬರಗೊಟ್ಟಿರಲಿಲ್ಲ. ನಾಲ್ವರೂ ಒಂದೇ ಹರಿವಾಣದ ಸುತ್ತ ಕುಳಿತೆವು. ಅಲ್ಮಾಜ್ ಮೊದಲ ತುತ್ತನ್ನು ಸುತ್ತಿ ತನ್ನ ಬಾಯಿಗಿಡದೆ ಅವ್ವನ ಬಾಯಿಯ ಹತ್ತಿರ ತಂದಳು. ಅದು ಅವರ ಪದ್ಧತಿಯಂತೆ. ಅವ್ವ ಬಾಯಿ ತೆರೆದಳು. ನುಂಗಿ, ತಾನೂ ಒಂದು ತುತ್ತು ಸುತ್ತಿ, “ಮೊದ್ಲು ನೀನು ಉಣ್ಣವ್ವ, ಹಸ್ದಿದೀಯ” ಎಂದು ಅವಳ ಬಾಯಿಗಿಟ್ಟಳು. ಬೆಟ್ಟದ ಮೇಲೆ ಕಂಡದ್ದಕ್ಕಿಂತ ದೊಡ್ಡದೇನನ್ನೋ ಕಂಡಂತಾಗಿ ನಾನು ಉಣ್ಣುವುದನ್ನೇ ಮರೆತೆ. ಮರೆತದ್ದು ಸ್ವಲ್ಪ ಹೊತ್ತು ಮಾತ್ರ. ಆಮೇಲೆ ಮೂರು ದಿನದ ಬಾಕಿ ತೀರಿಸಿದೆ, ಮೂರು ಸುತ್ತು ಕಾಫಿಯನ್ನೂ ಕುಡಿದೆ.

ಸಂಜೆ ಕಾರಿಗೆ ಬ್ಯಾಗು ಇಡುತ್ತಿದ್ದಾಗ ನಂದಿನಿಯ ಫೋನು ಬಂತು. ಈ ಸಲ ಮುಖ ಕಾಣುವ ಕರೆ. ನಾನು ಬಾಯಿ ತೆರೆಯುವ ಮೊದಲೇ ಅಲ್ಮಾಜ್ ಪಕ್ಕಕ್ಕೆ ಬಂದು ಫೋನಿನೊಳಗೆ ಇಣುಕಿದಳು. ದಿನಾ ಸಂಜೆ ಆ ಯಂತ್ರದಿಂದ ಬರುತ್ತಿದ್ದ ಮೊದಲ ಮಾತನ್ನು ಅವಳು ನಮ್ಮ ನಮಸ್ಕಾರವೆಂದೇ ತಿಳಿದಿದ್ದಳು. ಕೈ ಮುಗಿದು, ಒಂದೊಂದೇ ಅಕ್ಷರ ಬಿಡಿಸಿ, ನಗುತ್ತಾ ಹೇಳಿದಳು.

“ಊಟ ಆಯ್ತಾ?”

ನಂದಿನಿಯ ಕಣ್ಣು ನಮ್ಮ ಮೂವರ ಮುಖವನ್ನೂ ಹುಡುಕುತ್ತಿತ್ತು. ಅವ್ವ ನನ್ನ ಕೈಯಿಂದ ಫೋನು ಕಸಿದುಕೊಂಡಳು.

“ಏನೇ, ಸುಮ್ನೆ ನಿಂತ್ಕಂಡ್ಯಲ್ಲ? ನಿಮ್ಮತ್ತೆ ಕೇಳ್ತಾವ್ರೆ. ಉಂಡ್ಯೋ ಇಲ್ಲೋ ಹೇಳು.”