ಹೆಸರು ಕತ್ತರಿಸಿದ ಕಾರ್ಡು

ಮಕ್ಕಳೇ, ಮೊನ್ನೆ ನಿಮ್ಮ ಅಕ್ಕ ತನ್ನ ಹೊಸ ನೌಕರಿಯ ಕಾರ್ಡು ತಂದು ನನ್ನ ಅಂಗೈಯಲ್ಲಿಟ್ಟಳು. ಮಸಿಯ ವಾಸನೆ ಇನ್ನೂ ಹೋಗಿರಲಿಲ್ಲ. ಜೋಪಾನವಾಗಿರಲೆಂದು ನಿಮ್ಮ ಅಜ್ಜನ ತಗಡಿನ ಡಬ್ಬಿ ತೆರೆದೆ. ಅವಳು ಅದರಿಂದ ಹಳೆಯ ಕಾರ್ಡೊಂದನ್ನು ಎತ್ತಿ, "ಆಯಿ, ಇದರ ತಲಿ ಯಾರು ಕತ್ತರಿಸ್ಯಾರ?" ಎಂದಳು. "ಇಲಿ" ಎಂದೆ. ಇಲಿ ಅಷ್ಟು ನೆಟ್ಟಗೆ ಕಡಿಯುವುದಿಲ್ಲವೆಂದು ಅವಳಿಗೂ ಗೊತ್ತು. ಎದುರಿಗೆ ಹೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ, ನನ್ನ ಯಜಮಾನರು, ಸಿಂದಗಿಯಲ್ಲಿ ದನದ ಡಾಕ್ಟರರಾಗಿದ್ದರು. ಮೋರಟಗಿ ಕಡೆಯ ಕುರಿಗಾರರಿಗೆ ಔಷಧದ ಪ್ರಮಾಣ, ಮತ್ತೆ ಬರಬೇಕಾದ ದಿನ ಎಲ್ಲವನ್ನೂ ಚೀಟಿಯಲ್ಲಿ ಬರೆದು ಕೊಡುತ್ತಿದ್ದರು. ಎಲೆ ಅಡಿಕೆಯ ಸಂಚಿಯಲ್ಲಿ ಆ ಚೀಟಿ ಎರಡೇ ದಿನಕ್ಕೆ ಹಿಟ್ಟಾಗುತ್ತಿತ್ತು. ಅದಕ್ಕೆ ದವಾಖಾನೆಯ ಚಿಲ್ಲರೆ ಖರ್ಚಿಗೆಂದು ಸರ್ಕಾರ ಕೊಡುವ ಸಾದಿಲ್ವಾರು ಹಣದಲ್ಲಿ ದಪ್ಪ ಕಾರ್ಡು ಮಾಡಿಸಿದರು. ಮುಂದೆ ಮೇಲ್ತುದಿಗೆ ಅವರ ಹೆಸರು, ಕೆಳಗೆ ಹುದ್ದೆ, ದವಾಖಾನೆಯ ಫೋನು. ಹಿಂದೆ ಬರೆಯಲು ಖಾಲಿ ಜಾಗ.

ನಾನು ಹಳ್ಳಿ ಸಾಲೆಯಲ್ಲಿ ಏಳನೇ ಇಯತ್ತೆ ಕಲಿತವಳು. ಗಂಡನ ಹೆಸರನ್ನು ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ಅದು ಅಚ್ಚಾಗಿದ್ದು ಕಂಡು ಸೊಕ್ಕು ಬಂತು. ತವರೂರು ಇಂಗಳೇಶ್ವರಕ್ಕೆ ಹೋಗುವಾಗ ಎಂಟು ಕಾರ್ಡು ಸೆರಗಿಗೆ ಗಂಟು ಹಾಕಿಕೊಂಡು ಹೋಗಿ ಹಂಚಿದೆ. ಅಜ್ಜನಿಗೆ ಹೇಳಲಿಲ್ಲ.

ಆ ವರ್ಷವೇ ಆಡಿಟ್ ಬಂತು. ನಮ್ಮ ಮನೆ ದವಾಖಾನೆಯ ಹಿಂದೆಯೇ ಇತ್ತು. ಚಹಾ ಒಯ್ದವಳು ಬಾಗಿಲ ಮರೆಯಲ್ಲೇ ನಿಂತೆ.

"ಡಾಕ್ಟರ, ಸರ್ಕಾರದ ರೊಕ್ಕದಾಗ ನಿಮ್ಮ ಹೆಸರಿನ ಡಂಗುರ ಯಾಕ್ರಿ?" ಆಡಿಟ್ ಸಾಹೇಬರು ಕಾರ್ಡು ಅಚ್ಚು ಹಾಕಿಸಿದ ಬಿಲ್ಲು ಹಿಡಿದು ಕೇಳುತ್ತಿದ್ದರು.

"ಕೆಲಸಕ್ಕ ಬೇಕಾಗ್ತಾವ್ರಿ" ಎಂದರು ಅಜ್ಜ.

"ಯಾರ ಕೆಲಸಕ್ಕ? ನಾ ತಕರಾರು ಬರದ್ರ ನಿಮ್ಮ ಬಡ್ತಿ ನಿಲ್ಲತೈತಿ, ನೋಡ್ರಿ."

ಅಜ್ಜ ಮೇಜಿನ ಮೇಲಿನ ರಜಿಸ್ಟರನ್ನು ನೇರ ಮಾಡಿಟ್ಟರು. ಎತ್ತಿನ ಕೊಂಬಿಗೆ ಹೆದರದ ಮನುಷ್ಯ, ಕಾಗದಕ್ಕೆ ಹೆದರುತ್ತಿದ್ದರು. ನನ್ನ ಎದೆಯೊಳಗೆ ಆ ಎಂಟು ಕಾರ್ಡು ಕುಟ್ಟತೊಡಗಿದವು. ಸಾಹೇಬರ ಮಾತು ನನ್ನ ಮಟ್ಟಿಗಂತೂ ಸುಳ್ಳಾಗಿರಲಿಲ್ಲ.

ಹೊರಗೆ ಕಟ್ಟೆಯ ಮೇಲೆ ಮೋರಟಗಿಯ ಕುರಿಗಾರ ಮುದುಕಿ ನೀಲವ್ವ ಮರಿ ಹಿಡಿದುಕೊಂಡು ಕಾಯುತ್ತಿದ್ದಳು. ಅವಳ ಸಂಚಿಯಲ್ಲಿದ್ದ ಕಾರ್ಡು ಕೇಳಿ ಇಸಿದುಕೊಂಡೆ. ಸೆರಗು ಹೊದ್ದು ಒಳಗೆ ಹೋಗಿ, ಅದನ್ನು ಚಹಾದ ಜೊತೆ ಸಾಹೇಬರ ಮುಂದಿಟ್ಟು, ಕಪ್ಪು-ಬಸಿಗೆ ಹೇಳುವವಳಂತೆ ಹೇಳಿದೆ: "ಅದರ ಹಿಂದ ನೋಡ್ರಿ."

ಸುಣ್ಣದ ಬೆರಳಚ್ಚುಗಳ ನಡುವೆ ಅಜ್ಜನ ಅಕ್ಷರ: ಜಂತಿನ ಔಷಧ ಎಷ್ಟು, ಯಾವಾಗ. ಅಷ್ಟರಲ್ಲಿ ನೀಲವ್ವ ನನ್ನ ಬೆನ್ನ ಹಿಂದೆಯೇ ಬಂದಿದ್ದಳು. "ಅದನ್ನ ಇಟಗೋಬ್ಯಾಡ್ರಿ ಯಪ್ಪಾ. ಅದು ಡಾಕ್ಟರರದಲ್ಲ, ನಮ್ಮ ಕುರೀದು."

ಸಾಹೇಬರು ನಕ್ಕುಬಿಟ್ಟರು. "ಹುದ್ದೆ ಇರಲಿ, ಫೋನ್ ಇರಲಿ. ಹೆಸರು ತಗೀರಿ. ನಾಳೆ ಬರೋ ಡಾಕ್ಟರರೂ ಬಳಸ್ಲಿ. ಆಮ್ಯಾಲೆ ನಂದೇನೂ ತಕರಾರಿಲ್ಲ."

ಆ ಸಂಜೆ ಅಜ್ಜ ನನ್ನ ಹೊಲಿಗೆಯ ಕತ್ತರಿ ತೆಗೆದುಕೊಂಡು, ಶಿಳ್ಳೆ ಹಾಕುತ್ತ, ಉಳಿದ ಕಾರ್ಡುಗಳಿಂದ ತಮ್ಮ ಹೆಸರು ಕತ್ತರಿಸಿದರು. "ನಿನಗ ಮಾತ ಬರ್ತಾವಂತ ಇವತ್ತ ಗೊತ್ತಾತು ನೋಡು" ಎಂದರು. ಎಂಟರ ವಿಷಯ ಆಗಲೂ ನನ್ನ ಬಾಯಿಗೆ ಬರಲಿಲ್ಲ. ಬಡ್ತಿ ಬಂತು, ಮುದ್ದೇಬಿಹಾಳಕ್ಕೆ ಹೋದೆವು. ಕಾರ್ಡುಗಳು ಸಿಂದಗಿಯಲ್ಲೇ ಉಳಿದವು. ಒಂದು ಮಾತ್ರ ಈ ಡಬ್ಬಿ ಸೇರಿತ್ತು.

ಇಷ್ಟು ಬರೆದ ಮೇಲೆ ಎದೆ ಹಗುರಾಗಿ, ಇಂಗಳೇಶ್ವರದ ತಮ್ಮನಿಗೆ ಫೋನು ಮಾಡಿದೆ. ಎಂಟರಲ್ಲಿ ಒಂದು ಅವನ ಹತ್ತಿರ ಇನ್ನೂ ಇತ್ತು. ನಿನ್ನೆ ತಂದುಕೊಟ್ಟ. ಕತ್ತರಿ ತಾಗದ ಕಾರ್ಡು. ನಿಮ್ಮ ಅಕ್ಕ ಅದರ ಮೇಲ್ತುದಿಯ ಸಾಲನ್ನು, ಅಜ್ಜನ ಹೆಸರನ್ನು, ಗಟ್ಟಿಯಾಗಿ ಓದಿದಳು. ಆಮೇಲೆ ನಾನೂ ಗಟ್ಟಿಯಾಗಿ ಓದಿದೆ.