ಸಿಸ್ಟರಬಾಯಿ ಕಂಡದ್ದು, ನಾನು ಕಾಣದ್ದು

ಸಿಸ್ಟರಬಾಯಿಯವರ ಎಡಗಣ್ಣಿನ ರೆಪ್ಪೆ ಅರ್ಧ ಇಳಿಬಿದ್ದಿತ್ತು. ಅದಕ್ಕೇ ಯಾರನ್ನು ನೋಡುವಾಗಲೂ ಗದ್ದ ಮೇಲೆತ್ತುತ್ತಿದ್ದರು. ರಾಮದುರ್ಗದ ಕಡೆಯ ಒಂದು ಹಳ್ಳಿಯ ಸರಕಾರಿ ದವಾಖಾನೆಗೆ ನಾನು ಹೊಸ ಡಾಕ್ಟರಾಗಿ ಹೋದಾಗ ಅವರು ಅಲ್ಲಿ ಇಪ್ಪತ್ತು ವರ್ಷದಿಂದ ನರ್ಸ್ ಆಗಿದ್ದರು. ಯಾರೇ ಬರಲಿ, ಮೊದಲು ಕೇಳುತ್ತಿದ್ದದ್ದು, "ಇವತ್ತ ಯಾರ ಜೋಡಿ ಕುಂತು ಉಂಡಿ?" ನನಗೆ ನಗು ಬರುತ್ತಿತ್ತು.

ನೇಕಾರರ ಮನೆಯ ಹುಡುಗಿಯೊಬ್ಬಳನ್ನು ತಾಯಿ ಕರೆತಂದಳು. ಕಾಲೇಜು ಓದುವವಳು, ತಲೆನೋವು, ನಿದ್ದೆಯಿಲ್ಲ. ಪರೀಕ್ಷೆಯ ಭಯವೆಂದು ಶಕ್ತಿಯ ಗುಳಿಗೆ ಬರೆದೆ. ಮತ್ತೆರಡು ಸಲ ಬಂದಾಗಲೂ ಅದೇ ಗುಳಿಗೆ.

ಮೂರನೆಯ ಸಲ ಅವರು ಹೋದಮೇಲೆ ಸಿಸ್ಟರಬಾಯಿ ನನ್ನೆದುರು ಬಂದು ನಿಂತರು.

"ಸಾಹೇಬ್ರ, ಇದು ತಲಿಬ್ಯಾನಿ ಅಲ್ರಿ. ಕಿವ್ಯಾಗ ಹತ್ತಿ ತುರುಕ್ಕೊಂಡಾಳ. ನೀವು ಮಾತಾಡಸಿದ್ರ, ಬ್ಯಾರೆ ಯಾರದೋ ಮಾತ ಕೇಳಿದಂಗ ಮಾಡ್ತಾಳ. ಅವ್ವ ರೊಟ್ಟಿ ಕೊಟ್ರ ವಿಷಾ ಹಾಕ್ಯಾಳ ಅಂತಾಳಂತ. ಧಾರವಾಡದ ಮಾನಸಿಕ ದವಾಖಾನಿಗೆ ಕಳಸ್ರಿ."

"ಡಾಕ್ಟರ್ ನೀವೋ, ನಾನೋ?" ಎಂದೆ.

ಅವರ ಮುಖ ಕಪ್ಪಿಟ್ಟಿತು. "ನನ್ನ ತಮ್ಮಗೂ ಹಿಂಗ ಚಾಲೂ ಆಗಿತ್ರಿ. ಯಾರ ಜೋಡೀನೂ ಕುಂತು ಉಣ್ತಿದ್ದಿಲ್ಲ. ನನಗ ತಿಳೀಲಿಲ್ಲ. ಮನಿ ಬಿಟ್ಟ ಹೋದಾಂವ ಇನ್ನೂ ಬಂದಿಲ್ಲ. ಕೈ ಮುಗೀತೇನ್ರಿ, ಒಂದ್ ಚೀಟಿ ಬರದ ಕೊಡ್ರಿ."

ನಾನು ಬರೆಯಲಿಲ್ಲ. ಅವರೇ ಹುಡುಗಿಯ ಮನೆಗೆ ಹೋದರು. ಅವಳ ಅಪ್ಪ ಹೊಸ್ತಿಲಲ್ಲೇ ತಡೆದನಂತೆ: "ಡಾಕ್ಟರ ಏನೂ ಇಲ್ಲ ಅಂದಾರ. ನೀವ್ಯಾಕ ನಮ್ಮ ಹುಡುಗಿಗೆ ಹುಚ್ಚಿ ಅಂತ ಹೆಸರ ಹಚ್ಚತೀರಿ?"

ಎಂಟು ತಿಂಗಳ ಮೇಲೆ ಅವಳನ್ನು ಟೆಂಪೋದಲ್ಲಿ ತಂದರು. ಕೈಗಳನ್ನು ತಾಯಿಯ ಸೀರೆಯಿಂದ ಕಟ್ಟಿದ್ದರು. ಮೈಯಲ್ಲಿ ಎಲುಬಷ್ಟೇ ಉಳಿದಿತ್ತು. ಸಿಸ್ಟರಬಾಯಿ ನೆಲದ ಮೇಲೆ ಕುಳಿತು, ಒಂದೊಂದೇ ಗಂಟು ಬಿಚ್ಚಿದರು. ಆಗ ಚೀಟಿ ಬರೆದೆ. "ಇಷ್ಟು ದಿನ ಏನು ಮಾಡುತ್ತಿದ್ದಿರಿ?" ಎಂದು ಧಾರವಾಡದ ಡಾಕ್ಟರು ಫೋನಿನಲ್ಲಿ ಕೇಳಿದರು. ಔಷಧಿಯಿಂದ ಅವಳ ಕಿವಿಯಲ್ಲಿ ಮಾತಾಡುತ್ತಿದ್ದ ದನಿಗಳು ತಗ್ಗಿದವು, ಮನೆಗೆ ಬಂದಳು. ಆದರೆ ಓದುತ್ತಿದ್ದ ಆ ಮೊದಲಿನ ಹುಡುಗಿ ಮರಳಲಿಲ್ಲ.

ಸಿಸ್ಟರಬಾಯಿ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ, ತಪ್ಪಾಯಿತು ಎನ್ನಲು ನನಗೂ ಬಾಯಿ ಬರುತ್ತಿತ್ತೇನೋ. ನನಗೆ ಬೈಲಹೊಂಗಲಕ್ಕೆ ವರ್ಗವಾಯಿತು. ಈಗ ಇಂಥವರು ಬಂದರೆ ಮೊದಲ ದಿನವೇ ಚೀಟಿ ಬರೆಯುತ್ತೇನೆ.

ಹೋದ ವರ್ಷ ಅವರು ತೀರಿಕೊಂಡರು. ಮಣ್ಣು ಕೊಡಲು ಆ ಹಳ್ಳಿಗೆ ಹೋಗಿದ್ದೆ. ಹುಡುಗಿಯ ತಾಯಿ ನನ್ನ ಗುರುತು ಹಿಡಿದು ಹತ್ತಿರ ಬಂದಳು.

"ದಿನಾ ಮುಂಜಾನಿ ಸಿಸ್ಟರಬಾಯಿ ಬಂದು ಆಕಿಗೆ ಗುಳಿಗಿ ನುಂಗಸ್ತಿದ್ರು. ಬ್ಯಾರೆ ಯಾರ ಮಾತೂ ಕೇಳೂದಿಲ್ರಿ ಆಕಿ. ಅವರು ಹಾಸಿಗಿ ಹಿಡದು ಮೂರು ದಿನಾತು, ಗುಳಿಗಿ ತಗೊಂಡಿಲ್ಲ. ಏನ್ ಮಾಡ್ಲಿ, ಸಾಹೇಬ್ರ?"